ಗಾಜಿನ ಹಿಂದೆ ಕೂತ ಮರದ ಲೋಟ

ಕಳೆದ ಭಾನುವಾರ ನಾನು ಹಿರಿಯರೊಬ್ಬರ ಮನೆಗೆ ಊಟಕ್ಕೆ ಹೋಗಿ, ಆ ಮನೆಯಾಕೆ ಮಾಡಿದ ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದು, ಆಮೇಲೆ ಅವರದೇ ಅಡುಗೆಮನೆಯಲ್ಲಿ ನಿಂತು ಅವರ ಜೊತೆಗೇ ಜಗಳ ಆಡಿದೆ.

ಒಂದು ಲೋಟಕ್ಕೋಸ್ಕರ.

ಅದೂ ನಾನೇ ಮಾಡಿಕೊಟ್ಟ ಲೋಟ. ವಾಪಸ್ ಬರುವಾಗ ನಮ್ಮ ಮನೆಯವರು ಬೆಲ್ಟ್‌ವೇ ಹೆದ್ದಾರಿ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಬಿಟ್ಟ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ನಿನಗೆ ಬೇರೆ ಯಾವ ಹಾಬಿಯೂ ಸಿಗಲಿಲ್ಲವಾ?

ಸಿಗಲಿಲ್ಲ. ಏನೀಗ?

ಲಾಕ್‌ಡೌನ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿದದ್ದು ನಿಮಗೂ ನೆನಪಿರಬೇಕು. ಕೆಲವರು ಬ್ರೆಡ್ ಮಾಡಿದರು. ಕೆಲವರು ಜೂಮ್‌ನಲ್ಲಿ ಸಂಗೀತ ಕಲಿತರು (ಅಕ್ಕಪಕ್ಕದ ಮನೆಯವರಿಗೆ ಮಾತ್ರ ಮ್ಯೂಟ್ ಬಟನ್ ಇರಲಿಲ್ಲ). ನಾನು ಮರ ಕೆತ್ತಲು ಕೂತೆ. ಮಿಕ್ಕವರ ಹುಚ್ಚು ಆಫೀಸು ತೆರೆದ ಕೂಡಲೇ ಇಳಿಯಿತು. ನನ್ನದು ಇಳಿಯಲಿಲ್ಲ.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಇಂಗ್ರಿಡ್. ಅಮೆರಿಕದ ಗೈದರ್ಸ್‌ಬರ್ಗ್‌ನ ಒಂದೇ ಬೀದಿಯಲ್ಲಿ ವರ್ಷಗಟ್ಟಲೆ ಇದ್ದರೂ ಆಕೆಗೂ ನನಗೂ "ಹಾಯ್, ಹೌ ಆರ್ ಯು" ದಾಟಿ ಮಾತಿರಲಿಲ್ಲ. ಆ ಬೇಸಿಗೆಯ ಒಂದು ಬಿರುಗಾಳಿಗೆ ಆಕೆಯ ಹಿತ್ತಲಿನ ಚೆರ್ರಿ ಮರ ಉರುಳಿ ನಮ್ಮ ಬೇಲಿಯ ಮೇಲೆ ಬಿತ್ತು. ನಾನು ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದೆ. ಇಂಗ್ರಿಡ್ ಕೊಡಲಿ ತಂದಳು. ಸಂಜೆ ನೋಡಿದರೆ ಡ್ರೈವ್‌ವೇಯಲ್ಲಿ ಸ್ಟೂಲ್ ಹಾಕಿಕೊಂಡು, ತೊಡೆಯ ಮೇಲೆ ಹಳೆಯ ಟವೆಲ್ ಹರಡಿಕೊಂಡು, ಅದೇ ಮರದ ತುಂಡೊಂದನ್ನು ಬಾಗಿದ ಚಾಕುವಿನಿಂದ ಬಗೆಯುತ್ತಿದ್ದಾಳೆ. ದೂರದಿಂದಲೇ ಏನಿದು ಎಂದೆ. ಕುಡಿಯುವ ಲೋಟ ಎಂದಳು.

ಆಕೆಯ ಅಜ್ಜ ಅಜ್ಜಿ ಫಿನ್‌ಲ್ಯಾಂಡಿನ ಉತ್ತರದ ಕಡೆಯವರಂತೆ. ಅಲ್ಲಿ ಇದಕ್ಕೆ ಕುಕ್ಸಾ ಎನ್ನುತ್ತಾರೆ. ಅಂಗೈಯಲ್ಲಿ ಕೂರುವ ಮರದ ಬಟ್ಟಲು, ಅದೇ ಮರದಲ್ಲಿ ಕೆತ್ತಿದ ಹಿಡಿ, ಹಿಡಿಯಲ್ಲಿ ಬೆರಳು ತೂರಿಸಲು ತೂತು. ಎಲ್ಲೂ ಅಂಟಿಸುವಂತಿಲ್ಲ, ಎಲ್ಲ ಒಂದೇ ತುಂಡು. ಆ ಚಳಿಯಲ್ಲಿ ಲೋಹದ ಲೋಟಕ್ಕೆ ತುಟಿ ತಾಗಿಸಿದರೆ ತುಟಿ ಅಂಟಿಕೊಂಡೇ ಬಿಡುತ್ತದಂತೆ. ಮರಕ್ಕೆ ಆ ಕಾಟವಿಲ್ಲ. ಕುದಿಯುವ ಕಾಫಿ ಸುರಿದರೂ ಕೈ ಸುಡುವುದಿಲ್ಲ. ಜನ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಡಿಗೆ ಹೋಗುತ್ತಿದ್ದರು ಎಂದಳು.

ಅದಕ್ಕೆ ಕೆಲವು ಕಟ್ಟುಪಾಡುಗಳೂ ಇವೆ. ನಮಗಾಗಿ ನಾವೇ ಕೊಂಡುಕೊಳ್ಳುವುದು ಒಳ್ಳೆಯದಲ್ಲ, ಯಾರಾದರೂ ಕೊಡಬೇಕು. ಸೋಪು ಹಾಕಿ ತೊಳೆಯಬಾರದು, ಬಿಸಿನೀರಲ್ಲಿ ಗಲಬರಿಸಿ ಒರೆಸಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಿನಾ ಕುಡಿಯಬೇಕು. ಕುಡಿಯದೆ ಸುಮ್ಮನೆ ಇಟ್ಟರೆ ಮರ ಒಣಗಿ ಬಿರುಕು ಬಿಡುತ್ತದೆ.

ಸೋಪಿಲ್ಲ ಎಂದಾಗ ನನಗೂ ಒಳಗೊಳಗೆ ಕಸಿವಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದ ಮನೆಯಲ್ಲಿ ಬೆಳೆದ ಜೀವ ಇದು. ಆದರೆ ಆ ಲೋಟದಲ್ಲಿ ಒಂದು ಸಲ ಫಿಲ್ಟರ್ ಕಾಫಿ ಕುಡಿದು ನೋಡಿ. ಸ್ಟೀಲ್ ಲೋಟದಲ್ಲಿ ಕಾಫಿ ಮೊದಲು ತುಟಿ ಸುಡುತ್ತದೆ, ಆಮೇಲೆ ರುಚಿ ಕೊಡುತ್ತದೆ. ಇದರಲ್ಲಿ ನೇರ ರುಚಿಗೇ ಬರುತ್ತದೆ. ನಾನು ಸೋತೆ.

ಸೋತವಳು ಸುಮ್ಮನಿರಬೇಕಿತ್ತು. ಕೆತ್ತಲು ಕಲಿತು, ಕಂಡವರಿಗೆಲ್ಲ ಕೊಡಲು ಶುರು ಮಾಡಿದೆ.

ನಮ್ಮ ಜನಕ್ಕೆ ಕೊಟ್ಟ ಲೋಟಗಳು ಏನಾದವು ಗೊತ್ತಾ? ಜರ್ಮನ್‌ಟೌನ್‌ನ ಗೆಳತಿ ಅದರಲ್ಲಿ ಕುಂಕುಮ ತುಂಬಿ ದೇವರ ಮುಂದೆ ಇಟ್ಟಳು. ನಮ್ಮ ಮನೆಯವರ ಸಹೋದ್ಯೋಗಿ ಡಿಶ್‌ವಾಷರ್‌ಗೆ ಹಾಕಿ, ಅದು ಎರಡು ಹೋಳಾದ ಮೇಲೆ ವಾಟ್ಸ್ಯಾಪಿನಲ್ಲಿ ಫೋಟೋ ಕಳಿಸಿ ವಾರಂಟಿ ಇದೆಯಾ ಎಂದು ಕೇಳಿದ. (ಇಮೋಜಿ ಕೂಡ ಹಾಕಿರಲಿಲ್ಲ. ಗಂಭೀರವಾಗಿಯೇ ಕೇಳಿದ್ದ.) ಇನ್ನೊಬ್ಬರು ಮಹಾ ಬುದ್ಧಿವಂತರು, ಲೈಫ್‌ಟೈಮ್ ಪ್ರೊಟೆಕ್ಷನ್ ಇರಲಿ ಎಂದು ಅದಕ್ಕೆ ಫರ್ನಿಚರ್ ವಾರ್ನಿಶ್ ಬಳಿದರು. ಈಗ ಅದು ನೂರು ವರ್ಷ ಬಾಳುತ್ತದೆ, ಕುಡಿದವರ ಬಗ್ಗೆ ಹೇಳಲಾರೆ.

ಒಬ್ಬ ಮಹಾಶಯರು ಮಾತ್ರ ನನ್ನೆದುರಿಗೇ ಕುಡಿದರು. ನನಗೆ ಖುಷಿಯಾಗುವಷ್ಟರಲ್ಲಿ ಅವರು ತಲೆ ಹಿಂದಕ್ಕೆ ಮಾಡಿ, ಲೋಟವನ್ನು ಮೇಲೆತ್ತಿ, ಎಂಜಲಾಗದಂತೆ ಬಾಯಿಗೆ ಸುರಿದುಕೊಳ್ಳಲು ಹೋದರು. ಬಾಯಗಲದ ಬಟ್ಟಲು ಅದು. ಎತ್ತಿ ಕುಡಿಯಲು ಮಾಡಿದ್ದಲ್ಲ. ಮಜ್ಜಿಗೆ ಮೂಗಿನಿಂದ ಹಿಡಿದು ಶರ್ಟಿನ ಜೇಬಿನವರೆಗೆ ಹೋಯಿತು. ಒರೆಸಿಕೊಳ್ಳುತ್ತಾ, ಡಿಸೈನ್ ಸ್ವಲ್ಪ ಇಂಪ್ರೂವ್ ಮಾಡಬೇಕು ಎಂದು ನನಗೆ ಫೀಡ್‌ಬ್ಯಾಕ್ ಕೊಟ್ಟರು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಬಂದಿದ್ದರೆ ಶೇಷಾದ್ರಿ ಅಂಕಲ್ ಕೇಳಿದಾಗ ಇಲ್ಲ ಎನ್ನುತ್ತಿದ್ದೆ. ಇಲ್ಲ, ಅವರಿಗೆ ಮಾತ್ರ ಹಾಗೆನ್ನಲು ಆಗುತ್ತಿರಲಿಲ್ಲ.

ಶೇಷಾದ್ರಿ ಅಂಕಲ್ ಅಂದರೆ ಈ ಊರಿಗೆ ಎಪ್ಪತ್ತರ ದಶಕದಲ್ಲೇ ಬಂದ ಡಾಕ್ಟರು. ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಕೆಲಸ. ಎಷ್ಟು ಜನರ ಬೆನ್ನುಹುರಿಯ ಪಕ್ಕ ಸೂಜಿ ಇಳಿಸಿದ ಕೈಗಳೋ ಅವು. ನಾವು ಹೊಸದಾಗಿ ಬಂದಾಗ ಸಿಲ್ವರ್ ಸ್ಪ್ರಿಂಗ್‌ನ ಅವರ ಮನೆಯಲ್ಲೇ ನಮಗೆ ಮೊದಲ ದೀಪಾವಳಿ. ಅಂಕಲ್ ತಾವೇ ಡಿಕಾಕ್ಷನ್ ಇಳಿಸಿ, ತಾವೇ ಎಲ್ಲರಿಗೂ ಕಾಫಿ ಬೆರೆಸಿ ಕೊಡುತ್ತಿದ್ದರು. ಆ ಮನೆಯಲ್ಲಿ ಕಾಫಿ ಇಲಾಖೆ ಅವರದು. ಅವರ ಹೆಂಡತಿ ವಿಮಲಾ ಆಂಟಿಗೆ ಆ ಕಡೆ ತಲೆ ಹಾಕುವ ಅಧಿಕಾರವೇ ಇರಲಿಲ್ಲ.

ಎರಡು ಮೂರು ವರ್ಷಗಳಿಂದ ಅಂಕಲ್‌ಗೆ ಕೈ ನಡುಗುವ ಕಾಯಿಲೆ. ಮಾತು ಸ್ಪಷ್ಟ, ನೆನಪು ನನಗಿಂತ ಚುರುಕು, ಕೈ ಮಾತ್ರ ಹೇಳಿದಂತೆ ಕೇಳುವುದಿಲ್ಲ. ಎಲ್ಲಿಗೆ ಬಂದರೂ ಕಾಫಿಯ ಟ್ರೇ ಹತ್ತಿರ ಬಂದ ಕೂಡಲೇ ನಾನು ಬಿಟ್ಟಿದ್ದೀನಿ ಎನ್ನುತ್ತಿದ್ದರು. ನಾವೆಲ್ಲ ನಂಬಿದ್ದೆವು. ವಯಸ್ಸಾದ ಮೇಲೆ ಜನ ಒಂದೊಂದನ್ನೇ ಬಿಡುತ್ತಾರಲ್ಲ, ಹಾಗೆ ಅಂದುಕೊಂಡಿದ್ದೆವು.

ಹೋದ ವಸಂತದಲ್ಲಿ ಒಂದು ಶನಿವಾರ ವಿಮಲಾ ಆಂಟಿ ನಮ್ಮ ಕಡೆಯ ಇಂಡಿಯನ್ ಗ್ರೋಸರಿಗೆ ಬಂದವರು, ಅಂಗಡಿಯ ನೂಕುನುಗ್ಗಲು ಬೇಡ ಎಂದು ಅಂಕಲ್‌ರನ್ನು ನಮ್ಮ ಮನೆಯಲ್ಲಿ ಇಳಿಸಿ ಹೋದರು. ನಾನು ಗ್ಯಾರೇಜಿನಲ್ಲಿ ಕೆತ್ತುತ್ತಾ ಕೂತಿದ್ದೆ. ಅವರೂ ಒಂದು ಕುರ್ಚಿ ಎಳೆದುಕೊಂಡು ಕೂತರು. ಪಕ್ಕದಲ್ಲಿ ನನ್ನ ಕುಕ್ಸಾ, ಅದರಲ್ಲಿ ಅರ್ಧ ಕುಡಿದ ಕಾಫಿ. ಅಂಕಲ್ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಒಂದು ಗುಟುಕು ಕೊಡುತ್ತೀಯಾ ಎಂದರು.

ಬೇರೆ ಮಾಡಿ ತರುತ್ತೇನೆ, ಇದು ನಾನು ಕುಡಿದದ್ದು ಎಂದು ಎದ್ದೆ. ಬೇಡ, ಇದೇ ಕೊಡು ಎಂದರು. ಮಕ್ಕಳ ಹುಟ್ಟುಹಬ್ಬದ ಕೇಕನ್ನೂ ಒಂದೇ ಚಮಚದಲ್ಲಿ ತಿನ್ನಿಸಲು ಬಿಡದ ಮನುಷ್ಯ ಇವರು. ನನ್ನ ಎಂಜಲು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೈ ನಡುಗಿತು, ಲೋಟವೂ ನಡುಗಿತು. ಬಾಯಿಯವರೆಗೆ ತಂದರು. ಕುಡಿದರು. ಮತ್ತೆ ಬೆಂಚಿನ ಮೇಲೆ ಇಟ್ಟರು.

"ಸದ್ದೇ ಬರಲ್ವಲ್ಲೇ ಸುಮಾ ಇದು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಯಾರದೋ ಮನೆಯಲ್ಲಿ ಸ್ಟೀಲಿನ ಲೋಟ, ಅದರ ಕೆಳಗೆ ಡಬರಾ ಇಟ್ಟು ಕಾಫಿ ಕೊಟ್ಟಿದ್ದರಂತೆ. ಕೈಗೆ ಬಂದ ಕೂಡಲೇ ಲೋಟ ಡಬರಾಗೆ ತಾಗಿ ಟಕಟಕ ಎಂದು ಬಡಿದುಕೊಳ್ಳತೊಡಗಿತು. ಕೋಣೆಯಲ್ಲಿದ್ದವರ ಮಾತೆಲ್ಲ ನಿಂತುಹೋಯಿತು. ಯಾರೋ ಒಬ್ಬರು ಓಡಿಬಂದು ಮಗುವಿಗೆ ಹಿಡಿಯುವ ಹಾಗೆ ಲೋಟ ಹಿಡಿದರು. ಅಂದಿನಿಂದ ಅಂಕಲ್ ನಾಲ್ಕು ಜನರ ಮುಂದೆ ಕಾಫಿ ಬಿಟ್ಟಿದ್ದಾರೆ. ಮನೆಯಲ್ಲಿ ನೀಲಿ ಪ್ಲಾಸ್ಟಿಕ್ಕಿನ, ಮುಚ್ಚಳ ಇರುವ, ಮೂತಿಯಿಂದ ಹೀರುವ ಕಪ್ಪು. ಥೆರಪಿಯವರು ಸೂಚಿಸಿದ್ದು. ಮೊಮ್ಮಗ ಬಂದಾಗ ಹಾಲು ಕುಡಿಯುವುದೂ ಅಂಥದ್ದರಲ್ಲೇ.

"ಕಾಫಿ ವಾಸನೆ ಕೂಡ ಬರಲ್ಲ ಅದರಲ್ಲಿ. ನನಗೊಂದು ಇಂಥದ್ದು ಮಾಡ್ಕೊಡ್ತೀಯಾ? ಎಲ್ಲರ ಜೊತೆ ಕೂತು ಕುಡಿಯೋ ಹಾಗೆ."

ಐವತ್ತು ವರ್ಷ ಊರಿಗೆಲ್ಲ ಕಾಫಿ ಬೆರೆಸಿಕೊಟ್ಟವರು ಈಗ ಜನರ ಮಧ್ಯೆ ಕೂತು ಒಂದು ಲೋಟ ಕಾಫಿ ಕುಡಿಯಬೇಕು ಎಂದು ನನ್ನನ್ನು ಕೇಳುತ್ತಿದ್ದಾರೆ. ದಾರ ತಂದು ಅವರ ಬೆರಳಿನ ಸುತ್ತಳತೆ ತೆಗೆದುಕೊಂಡೆ. ಆಂಟಿ ಬಂದು ಹಾರ್ನ್ ಮಾಡುವ ತನಕ ಅಂಕಲ್ ಉಳಿದ ಕಾಫಿಯನ್ನೂ ಮುಗಿಸಿದರು.

ಆ ಲೋಟ ನನ್ನನ್ನು ಸತಾಯಿಸಿದಷ್ಟು ಯಾವುದೂ ಸತಾಯಿಸಿಲ್ಲ. ತಳ ದಪ್ಪ ಇರಬೇಕು, ಭಾರಕ್ಕೆ ಸ್ಥಿರವಾಗಿ ಕೂರಬೇಕು. ಅಂಚು ಸ್ವಲ್ಪ ಒಳಕ್ಕೆ ಬಾಗಬೇಕು, ತುಳುಕಿದರೂ ಒಳಗೇ ಬೀಳಬೇಕು. ಒಂದು ಹಿಡಿ ಸಾಲದು, ಎರಡೂ ಕಡೆ ಬೇಕು. ಊದಿದ ಗೆಣ್ಣು ತೂರಬೇಕು, ತೂರಿದ ಮೇಲೆ ಜಾರಬಾರದು. ಹಸಿ ಮರದಲ್ಲಿ ಕೆತ್ತಿ, ಅದರಿಂದಲೇ ಹೆರೆದ ಚೂರುಗಳ ಜೊತೆ ಕಾಗದದ ಚೀಲದಲ್ಲಿಟ್ಟು ನಿಧಾನಕ್ಕೆ ಒಣಗಿಸಬೇಕು. ಮೊದಲನೆಯದು ಒಣಗುವಾಗ ಸೀಳಿತು. ಆ ದಿನ ನಾನು ಬೈದ ಬೈಗುಳ ಕೇಳಿ ನನ್ನ ಮಗಳು ಗ್ಯಾರೇಜ್ ಬಾಗಿಲು ಹಾಕಿದಳು. ಎರಡನೆಯದು ನಿಂತಿತು. ಅಗಸೆ ಎಣ್ಣೆ ಕುಡಿಸಿದೆ. ಬಿಸಿ ಕಾಫಿ ಗಸಿ ತುಂಬಿಟ್ಟು ಹದ ಮಾಡಿದೆ.

ಕೊಟ್ಟ ದಿನ ಅಂಕಲ್ ಅದರ ಹಿಡಿಗಳಲ್ಲಿ ಬೆರಳು ತೂರಿಸಿ, ತೆಗೆದು, ಮತ್ತೆ ತೂರಿಸಿ ನೋಡಿದರು. ವಿಮಲಾ ಆಂಟಿಗೆ ಎಲ್ಲ ವಿವರಿಸಿದೆ. ಸೋಪು ಬೇಡ, ಡಿಶ್‌ವಾಷರ್ ಬೇಡ, ಮೈಕ್ರೋವೇವ್ ಬೇಡ, ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ದಿನಾ ಬಳಸಿ. ಆಂಟಿ ಎಲ್ಲದಕ್ಕೂ ತಲೆಯಾಡಿಸಿದರು. ಎಷ್ಟು ಫೈನ್ ವರ್ಕ್ ನೋಡಿ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆ ಮಾತು ಕೇಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಈಗ ಕಳೆದ ಭಾನುವಾರಕ್ಕೆ ಬರೋಣ. ಬೆಳಿಗ್ಗೆ ಲ್ಯಾನ್‌ಹ್ಯಾಮ್‌ನ ದೇವಸ್ಥಾನ, ಅಲ್ಲಿಂದ ಆಂಟಿಯ ಮನೆಯಲ್ಲಿ ಊಟ. ಹತ್ತು ಹನ್ನೆರಡು ಜನ. ಲಿವಿಂಗ್ ರೂಮಿಗೆ ಕಾಲಿಟ್ಟೆ. ಎದುರಿಗೇ ಅವರ ದೊಡ್ಡ ಶೋಕೇಸು. ಅಮೃತಶಿಲೆಯ ತಾಜಮಹಲು, ಕ್ರೂಸಿನಿಂದ ತಂದ ಪಿಂಗಾಣಿ ತಟ್ಟೆ, ಮಗಳ ಅರಂಗೇಟ್ರಂನ ಫೋಟೋ, ಇವೆಲ್ಲದರ ನಡುವೆ, ಮೇಲಿನಿಂದ ಬೀಳುವ ಎಲ್‌ಇಡಿ ಬೆಳಕಿನಲ್ಲಿ, ಪುಟ್ಟ ಪ್ಲಾಸ್ಟಿಕ್ ಸ್ಟ್ಯಾಂಡಿನ ಮೇಲೆ ನನ್ನ ಲೋಟ.

ಮುಂದೆ ಪ್ರಿಂಟ್ ಮಾಡಿದ ಕಾರ್ಡ್ ಬೇರೆ: ಹ್ಯಾಂಡ್‌ಕಾರ್ವ್ಡ್ ಬೈ ಅವರ್ ವೆರಿ ಓನ್ ಸುಮಾ.

ಗಾಜಿನ ಬಾಗಿಲಿಗೆ ಬೀಗ. ಮೊಮ್ಮಗ ಮುಟ್ಟಬಾರದು ಎಂದು. ಜನ ಫೋಟೋ ತೆಗೆದರು. ಒಬ್ಬಾಕೆ ಆರ್ಡರ್ ತಗೋತೀರಾ ಎಂದು ಕೇಳಿದಳು. ಇನ್ನೊಬ್ಬರು ಇದರಲ್ಲಿ ಒಳ್ಳೆ ಸಕ್ಯುಲೆಂಟ್ ಗಿಡ ಇಡಬಹುದು ಎಂದರು. ಸೋಫಾದ ಮೂಲೆಯಲ್ಲಿ ಅಂಕಲ್ ಕೂತಿದ್ದರು. ನಾನು ಅವರ ಕಡೆ ನೋಡಿದೆ. ಅವರು ಕಾರ್ಪೆಟ್ ನೋಡಿದರು.

ನಮ್ಮವರಿಗೆ ಏನಾಗಿದೆ? ಚೆನ್ನಾಗಿರುವುದನ್ನು ಕಂಡರೆ ಯಾಕೆ ಬೀಗ ಹಾಕಬೇಕು ಅನಿಸುತ್ತದೆ? ಗೆಸ್ಟ್ ಬಾತ್‌ರೂಮಿನಲ್ಲಿ ಕಸೂತಿ ಹಾಕಿದ ಟವೆಲ್ ತೂಗುಹಾಕಿರುತ್ತೇವೆ. ಮನೆಯವರು ಮುಟ್ಟುವಂತಿಲ್ಲ, ಗೆಸ್ಟ್‌ಗಳಿಗೆ ಮುಟ್ಟುವ ಧೈರ್ಯವಿಲ್ಲ. ಬಂದವರೆಲ್ಲ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಗೆ ಬರುತ್ತಾರೆ. ಸುವಾಸನೆಯ ಮೇಣದಬತ್ತಿ ಹಚ್ಚದೆಯೇ ಧೂಳು ಹಿಡಿಯುತ್ತದೆ. ಹೊಸ ಫೋನಿನ ಮೇಲಿನ ತೆಳು ಪ್ಲಾಸ್ಟಿಕ್ ಕೂಡ ತಾನಾಗಿಯೇ ಕಿತ್ತುಬರುವ ತನಕ ಕೀಳುವುದಿಲ್ಲ. ಹಾಳಾಗುತ್ತೆ, ಹಾಳಾಗುತ್ತೆ. ಬಳಸಿದರೆ ಹಾಳಾಗುತ್ತೆ ಎಂದು ಗೊತ್ತಿರುವವರಿಗೆ ಬಳಸದಿದ್ದರೂ ಹಾಳಾಗುತ್ತೆ ಎಂದು ಯಾಕೆ ಹೊಳೆಯುವುದಿಲ್ಲ?

(ಇದನ್ನು ಬರೆಯುತ್ತಿರುವಾಗಲೂ ನನ್ನ ಬಿಪಿ ಏರುತ್ತಿದೆ. ಒಂದು ನಿಮಿಷ, ನೀರು ಕುಡಿದು ಬರುತ್ತೇನೆ.)

ಊಟವಾಯಿತು. ಆಂಟಿ ಕಾಫಿಗೆ ಹಾಲು ಕಾಯಿಸುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಮೆಲ್ಲಗೇ ಶುರು ಮಾಡಿದೆ. ಆಂಟಿ, ಆ ಲೋಟ ಅಂಕಲ್ ಕುಡಿಯೋಕೆ ಅಂತ ಮಾಡಿದ್ದು.

ಆಂಟಿಯ ಹತ್ತಿರ ಉತ್ತರ ಸಿದ್ಧವಿತ್ತು. ಅಯ್ಯೋ, ಅಷ್ಟು ಕಷ್ಟಪಟ್ಟು ಮಾಡಿದ್ದೀಯ, ಕಾಫಿ ಕಲೆ ಹಿಡಿದರೆ? ಕಲೆ ಹಿಡಿಯಲಿ ಎಂದೇ ಮಾಡಿದ್ದು ಎಂದೆ. ಮತ್ತೆ ಸೋಪಿಲ್ಲದೆ ಹೇಗಮ್ಮ, ಹಾಲು ಹಾಕಿದ ಮುಸುರೆ ಲೋಟ, ನಾತ ಹೊಡೆಯಲ್ಲವಾ? ಕೂಡಲೇ ಬಿಸಿನೀರಲ್ಲಿ ತೊಳೆದರೆ ಹೊಡೆಯಲ್ಲ ಎಂದೆ. ನಾನು ಹತ್ತು ವರ್ಷದಿಂದ ಎಲ್ಲಾನೂ ಡಿಶ್‌ವಾಷರ್‌ಗೇ ಹಾಕೋದು, ಒಂದು ಲೋಟಕ್ಕೆ ಅಂತ ಯಾರು ನಿಲ್ತಾರೆ? ಅಲ್ಲಿಯ ತನಕ ಮೆಲ್ಲಗಿದ್ದ ನನ್ನ ದನಿ ಅಲ್ಲಿಂದ ಮುಂದೆ ಮೆಲ್ಲಗಿರಲಿಲ್ಲ. ಆ ಲೈಟಿನ ಕಾವಿಗೆ ಅದು ಚಳಿಗಾಲ ಕಳೆಯುವುದರೊಳಗೆ ಬಿರಿಯುತ್ತದೆ, ಆಮೇಲೆ ಅದು ಕುಡಿಯುವುದಕ್ಕೂ ಇಲ್ಲ, ನೋಡುವುದಕ್ಕೂ ಇಲ್ಲ ಎಂದೆ. ಅಂಕಲ್ ಕಾಫಿ ಬಿಟ್ಟಿಲ್ಲ, ಅದು ನಿಮಗೂ ಗೊತ್ತು ನನಗೂ ಗೊತ್ತು, ಜನರ ಮುಂದೆ ಆ ನೀಲಿ ಕಪ್ಪು ಹಿಡಿಯೋಕೆ ಅವರಿಗೆ ಆಗಲ್ಲ ಎಂದೆ. ಇನ್ನೂ ಏನೇನೋ ಅಂದೆ.

ವಿಮಲಾ ಆಂಟಿ ಸ್ಟೋವ್ ಆರಿಸಿದರು. ನನ್ನ ಕಡೆ ತಿರುಗಲಿಲ್ಲ.

"ಬಿಸಿ ಕಾಫಿ ಚೆಲ್ಕೊಂಡು ತೊಡೆ ಪೂರ್ತಿ ಬೆಂದಿತ್ತು, ನಿನಗೆ ಗೊತ್ತಾ? ನಾನು ಮಹಡಿ ಮೇಲೆ ಇದ್ದೆ. ಡಾಕ್ಟರು ಅವರು, ನನ್ನ ಕರೀಲೂ ಇಲ್ಲ. ಸುಮ್ನೆ ಕೂತಿದ್ರು. ಅವತ್ತಿಂದ ಮುಚ್ಚಳ ಇಲ್ಲದ ಲೋಟ ಅವರ ಕೈಲಿ ನೋಡಿದ್ರೆ ನನಗೆ ಎದೆ ಹೊಡ್ಕೊಳ್ಳುತ್ತೆ ಕಣೆ."

ಸೋಪು, ಕಲೆ, ಡಿಶ್‌ವಾಷರ್ ಎಲ್ಲ ನೆಪ. ಇದೊಂದು ನಿಜ. ಇದನ್ನು ಮೊದಲೇ ಹೇಳಿದ್ದರೆ ಇನ್ನಷ್ಟು ಆಳವಾಗಿ ಕೆತ್ತುತ್ತಿದ್ದೆನಲ್ಲ ಆಂಟಿ, ಉಗುರುಬೆಚ್ಚಗೆ ಕೊಡಬಹುದಲ್ಲ, ಕಾಲಮೇಲೆ ದಪ್ಪ ಟವೆಲ್ ಹಾಕಬಹುದಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಮಗಳು ಬಾಗಿಲಲ್ಲಿ ನಿಂತಿದ್ದಳು.

"ಅಮ್ಮಾ, ಯು ಆರ್ ಸೋ ಲೌಡ್. ಎಲ್ಲಾರಿಗೂ ಕೇಳ್ತಾ ಇದೆ."

ಎಲ್ಲರಿಗೂ ಎಂದರೆ ಎಲ್ಲರಿಗೂ. ಅಂಕಲ್ ಬಿಟ್ಟಿಲ್ಲ ಎಂದದ್ದೂ, ನೀಲಿ ಕಪ್ಪಿನ ವಿಷಯವೂ. ಗ್ಯಾರೇಜಿನಲ್ಲಿ ನನ್ನೊಬ್ಬಳಿಗೆ ಹೇಳಿದ್ದನ್ನು ನಾನು ಇಡೀ ಲಿವಿಂಗ್ ರೂಮಿಗೆ ಅನೌನ್ಸ್ ಮಾಡಿದ್ದೆ. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಗಳಿಗೆ ಅದು. ಅವರ ಪರವಾಗಿ ವಾದಿಸಲು ಹೋಗಿ ಅವರ ಮರ್ಯಾದೆಯನ್ನೇ ತೆಗೆದಿದ್ದೆ.

ಹೊರಗೆ ಬಂದಾಗ ಎಲ್ಲರೂ ಒಮ್ಮೆಲೇ ಫೋನ್ ನೋಡುತ್ತಿದ್ದರು. ನಮ್ಮ ಮನೆಯವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಆಂಟಿ ಟ್ರೇ ಹಿಡಿದು ಬಂದರು. ಹೊಸದಾಗಿ ಬಂದ ಸಾಫ್ಟ್‌ವೇರ್ ಹುಡುಗನೊಬ್ಬ ಟ್ರೇ ಇಸಿದುಕೊಂಡು ಒಬ್ಬೊಬ್ಬರಿಗೇ ಕೊಡುತ್ತಾ ಬಂದ. ಅಂಕಲ್‌ರ ಮುಂದೆ ಬಂದಾಗ ಏನು ಮಾಡಬೇಕೋ ತಿಳಿಯದೆ ನಿಂತ. ಕೊಡುವುದೋ, ದಾಟಿ ಹೋಗುವುದೋ?

ಅಂಕಲ್ ಎದ್ದರು. ನಿಧಾನವಾಗಿ ಶೋಕೇಸಿನ ಹತ್ತಿರ ಹೋದರು. ಬೀಗದ ಕೈ ಅದರಲ್ಲೇ ಇತ್ತು. ತಿರುಗಿಸಲು ನೋಡಿದರು. ಬೆರಳು ನಿಲ್ಲಲಿಲ್ಲ. ಕೀಚೈನು ಗಾಜಿಗೆ ಬಡಿದು ಟಕಟಕ ಎಂದಿತು. ಮತ್ತೊಮ್ಮೆ ಪ್ರಯತ್ನಿಸಿದರು. ನಾನು ಏಳಲು ಹೋದೆ, ನಮ್ಮ ಮನೆಯವರು ನನ್ನ ಮೊಣಕೈ ಹಿಡಿದು ಕೂರಿಸಿದರು. (ಆ ದಿನ ಅವರು ಮಾಡಿದ ಒಂದೇ ಒಳ್ಳೆಯ ಕೆಲಸ.)

"ವಿಮಲಾ, ಇದನ್ನ ತೆಗಿ. ನನಗೆ ಕಾಫಿ ಬೇಕು."

ಆಂಟಿ ನಿಂತಲ್ಲೇ ನಿಂತರು. ಅಂಕಲ್ ನಮ್ಮ ಕಡೆ ತಿರುಗಿದರು.

"ನಾನು ಕಾಫಿ ಬಿಟ್ಟಿಲ್ಲ. ಕೈ ನಡುಗುತ್ತೆ, ನಿಮ್ಮಗಳ ಮುಂದೆ ಚೆಲ್ಲಿದ್ರೆ ನಾಚಿಕೆ ಅಂತ ಸುಳ್ಳು ಹೇಳ್ತಿದ್ದೆ. ಇವತ್ತು ಚೆಲ್ಲುತ್ತೆ. ಯಾರೂ ಓಡಿಬರಬೇಡಿ."

ಆಂಟಿ ಬಂದು ಬೀಗ ತೆಗೆದರು. ಕಾರ್ಡು ಬಿದ್ದುಹೋಯಿತು, ಎತ್ತಲಿಲ್ಲ. ಲೋಟ ಒಳಗೆ ಒಯ್ದು ತೊಳೆದು, ಅರ್ಧ ಕಾಫಿ ಹಾಕಿ, ಹೊರಗೆ ತರುವ ಮುಂಚೆ ತಮ್ಮ ಕಿರುಬೆರಳು ಅದ್ದಿ ಬಿಸಿ ನೋಡಿದರು. ಅಂಕಲ್‌ರ ತೊಡೆಯ ಮೇಲೆ ಟವೆಲ್ ಹಾಸಿದರು. ಕಸೂತಿಯದು, ಗೆಸ್ಟ್ ಬಾತ್‌ರೂಮಿನದು. ಕೈಗೆ ಸಿಕ್ಕಿದ್ದು ಅದೇ ಇರಬೇಕು.

ಅಂಕಲ್ ಎರಡೂ ಹಿಡಿಯಲ್ಲಿ ಬೆರಳು ತೂರಿಸಿದರು. ಲೋಟ ನಡುಗುತ್ತಲೇ ಮೇಲೆ ಹೋಯಿತು. ಅರ್ಧ ದಾರಿಯಲ್ಲಿ ಸ್ವಲ್ಪ ಚೆಲ್ಲಿತು, ಶರ್ಟಿನ ಮೇಲೆ ಒಂದು ಗೆರೆ ಇಳಿಯಿತು. ಪಕ್ಕದಲ್ಲಿ ನಿಂತಿದ್ದ ಆಂಟಿಯ ಕೈ ತಾನಾಗಿ ಮುಂದೆ ಬಂತು. ಅಲ್ಲೇ ನಿಂತಿತು. ಹಿಂದಕ್ಕೆ ಹೋಯಿತು. ಅಂಕಲ್ ಕುಡಿದರು. ನನ್ನ ಪಕ್ಕದಲ್ಲಿದ್ದವರು ಗ್ರೀನ್‌ಕಾರ್ಡಿನ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸಿದರು. ಅದಕ್ಕಾಗಿ ಅವರಿಗೆ ನನ್ನ ನಮಸ್ಕಾರ.

ಅಂಕಲ್ ಆಮೇಲೆ ಆ ಸಾಫ್ಟ್‌ವೇರ್ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಡಿಕಾಕ್ಷನ್ ತೆಳುವಾಗಿದೆ, ಪುಡಿಯನ್ನು ಸರಿಯಾಗಿ ಒತ್ತಿಲ್ಲ ಎಂದು ವಿವರಿಸತೊಡಗಿದರು. ಬಹಳ ದಿನದ ಮೇಲೆ ಆ ಮನೆಯಲ್ಲಿ ಕಾಫಿಗೆ ಬೈಗುಳ ಬಿತ್ತು. ಆಂಟಿ ಅಡುಗೆಮನೆಯಿಂದಲೇ, ನಾಳೆಯಿಂದ ನೀವೇ ಇಳಿಸಿಕೊಳ್ಳಿ ಎಂದರು. ನನ್ನ ಜೊತೆ ಮಾತ್ರ ಮಾತಾಡಲಿಲ್ಲ. ಹೊರಡುವಾಗ ಕುಂಕುಮ ಕೊಟ್ಟರು, ಮುಖ ನೋಡಲಿಲ್ಲ. ಅವರ ಮನೆಗೆ ನನಗೆ ಇನ್ನು ಪ್ರವೇಶವಿಲ್ಲ ಎಂದುಕೊಂಡೇ ಕಾರು ಹತ್ತಿದ್ದೆ.

ಮೊನ್ನೆ ಆಂಟಿಯ ಫೋನ್ ಬಂತು. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು. ಅಂಕಲ್ ಈಗ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಅದರಲ್ಲೇ ಕುಡಿಯುತ್ತಾರಂತೆ. ದಿನಾ ಚೆಲ್ಲುತ್ತಾರಂತೆ. ಒಳಗೆಲ್ಲ ಕಪ್ಪಗಾಗಿದೆಯಂತೆ. ಸೋಪು ಮುಟ್ಟಿಸಲು ಹೋದರೆ ಸಿಂಕಿನ ಹತ್ತಿರ ಬಂದು ಕಾವಲು ನಿಲ್ಲುತ್ತಾರಂತೆ. ಪಕ್ಕದ ಮನೆಯ ಅಮೆರಿಕನ್ ದಂಪತಿಯನ್ನು ತಾವೇ ಕಾಫಿಗೆ ಕರೆದಿದ್ದಾರಂತೆ. ಎಲ್ಲವನ್ನೂ ದೂರಿನ ದನಿಯಲ್ಲೇ ಹೇಳಿದರು. ನನಗೆ ಸಂಗೀತ ಕೇಳಿದ ಹಾಗಿತ್ತು.

ಆಮೇಲೆ ದನಿ ಸ್ವಲ್ಪ ತಗ್ಗಿಸಿ, ಸುಮಾ, ಅಂಥದ್ದೇ ಇನ್ನೊಂದು ಲೋಟ ಮಾಡಿಕೊಡುತ್ತೀಯಾ ಎಂದರು.

ನನಗೆ ಕಣ್ಣು ತುಂಬಿ ಬಂತು. ಗಂಡನ ಪಕ್ಕ ಕೂತು, ಅದೇ ರೀತಿಯ ಲೋಟದಲ್ಲಿ, ಅವರೂ ಕುಡಿಯಬೇಕು ಎಂದುಕೊಂಡಿದ್ದಾರೆ. ಇಷ್ಟು ದೊಡ್ಡ ಮನಸ್ಸಿನವರ ಜೊತೆ ನಾನು ಜಗಳ ಆಡಿದೆನಲ್ಲ. ನಿಮಗೇನಾ ಆಂಟಿ, ಬೆರಳಿನ ಅಳತೆ ತೆಗೆದುಕೊಳ್ಳಲು ನಾಳೆಯೇ ಬರುತ್ತೇನೆ ಎಂದೆ.

"ನನಗ್ಯಾಕೆ? ನನಗೆ ಸ್ಟೀಲ್ ಲೋಟ ಇದೆಯಲ್ಲ. ಶೋಕೇಸಲ್ಲಿ ಆ ಜಾಗ ಖಾಲಿ ಖಾಲಿ ಕಾಣ್ತಿದೆ ಕಣೆ. ಲೈಟು ಸುಮ್ನೆ ಉರೀತಾ ಇದೆ."

ಫೋನ್ ಇಟ್ಟೆ. ಗ್ಯಾರೇಜಿಗೆ ಹೋದೆ. ಚೆರ್ರಿ ಮರದ ತುಂಡೊಂದು ಇನ್ನೂ ಉಳಿದಿದೆ. ಖಂಡಿತ ಮಾಡಿಕೊಡುತ್ತೇನೆ. ಒಳ್ಳೆ ಫೈನ್ ವರ್ಕ್, ಹಿಡಿಯ ಮೇಲೆ ಎರಡು ಹೂವು, ಅಂಚಿಗೆ ಬಳ್ಳಿ. ಆಮೇಲೆ ತಳಕ್ಕೆ ಡ್ರಿಲ್ ಇಟ್ಟು ಒಂದು ದೊಡ್ಡ ತೂತು ಕೊರೆಯುತ್ತೇನೆ.

ನೋಡುವುದಕ್ಕೆಂದೇ ಇರುವ ಲೋಟಕ್ಕೆ ತಳ ಯಾಕೆ ಬೇಕು, ನೀವೇ ಹೇಳಿ?